ಗೃಹವ್ಯವಸ್ಥೆಯನ್ನು ಬೋಧಿಸಿದ ಕ್ಯಾಥರೀನ್ ಬೀಚರ್

ಗೃಹಕೃತ್ಯವನ್ನು ವಿದ್ಯೆಯೆಂದೆಣಿಸಿ ಬಾಲಿಕೆಯರಿಗೆ ಬೋಧಿಸಬೇಕೆಂದು ಸಾರಿದವರಲ್ಲಿ ಕ್ಯಾಥರೀನ್ ಬೀಚರ್ ಎಂಬವರು ಅಗ್ರಗಣ್ಯರು. ಇವರು 1800ನೆಯ ಇಸವಿಯಲ್ಲಿ ಅಮೇರಿಕಾ ದೇಶದ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಹಿರಿಯ ಮಗಳಾಗಿ ಜನಿಸಿದರು. 1816ರಲ್ಲಿ ತಾಯಿಯು ತೀರಿಹೋಗಲು, ಒಡಹುಟ್ಟಿದವರ ಆರೈಕೆಯಲ್ಲಿ ಇವರು ಕೈಗೂಡಿಸಬೇಕಾಯಿತು. 1822ರಲ್ಲಿ ಇವರಿಗೆ ನಿಶ್ಚಿತವಾಗಿದ್ದ ವರನು ಹಡಗೊಡೆದು ಮಡಿದನು. ಇವರು ಅವಿವಾಹಿತರಾಗಿಯೇ ಉಳಿದು, 1823ರಲ್ಲಿ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಬಾಲಿಕಾ ಪಾಠಶಾಲೆಯನ್ನು ತೆರೆದರು.

ಶಾಲೆ ಬಿಟ್ಟ ಹೆಣ್ಣುಮಕ್ಕಳು ಮನೆಗೆಲಸದ ಭಾರದಿಂದ ಕುಗ್ಗಿ ರೋಗಿಗಳಾಗುವುದನ್ನು ಕಂಡು ಇವರು ಮರುಗಿದರು. ಅದರ ಫಲವೇ 1841ರಲ್ಲಿ ಹೊರಬಂದ ಗೃಹವ್ಯವಸ್ಥೆಯ ಗ್ರಂಥ. 1869ರಲ್ಲಿ ತಂಗಿಯಾದ ಹ್ಯಾರಿಯೆಟ್ ಬೀಚರ್ ಸ್ಟೋರೊಡನೆ ಮತ್ತೊಂದು ಗ್ರಂಥವನ್ನು ರಚಿಸಿದರು. ಹಡಗಿನ ಅಡಿಗೆಯವನು ಇನ್ನೂರು ಮಂದಿಗೆ ಬೇಕಾದ ಸಾಮಾನುಗಳನ್ನೆಲ್ಲ ಕಿರುಕೋಣೆಯೊಂದರಲ್ಲಿ ಒಂದೆರಡು ಹೆಜ್ಜೆಗಳಲ್ಲೇ ಎಟಕಿಸಿಕೊಳ್ಳುವನು. ಗೃಹಿಣಿಗೆ ಮಾತ್ರ ಓಡಾಟವೇಕೆಂದು ಇವರು ಕೇಳಿದರು. ಹಿಟ್ಟು ನಾದುವ ಹಲಗೆಯ ಪಕ್ಕದಲ್ಲಿಯೇ ಹಿಟ್ಟಿನ ಪೀಪಾಯಿ, ಎದುರಿಗೆ ಬೆಳಕಿನ ಕಿಟಕಿ, ಒಲೆಯ ಬಿಸಿಯೂ ವಾಸನೆಯೂ ಹರಡದಂತೆ ನಡುವೆ ಜಾರುಬಾಗಿಲು, ಹೀಗೆ ಎಲ್ಲಕ್ಕೂ ಸ್ಥಳವನ್ನು ಗೊತ್ತುಮಾಡಿದರು.

ಸ್ತ್ರೀಯರಿಗೆ ಮತಾಧಿಕಾರವು ಬೇಡವೆಂಬ ಇವರ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಆದರೂ ಗೃಹಿಣಿಯ ಶ್ರಮಕ್ಕೆ ಬೆಲೆಯುಂಟೆಂದು ತೋರಿಸಿದ ಉಪಕಾರವನ್ನು ಮರೆಯಲಾರೆವು. ಇಷ್ಟು ಮನೆಗಳನ್ನು ತಿದ್ದಿದ ಇವರಿಗೆ ಸ್ಥಿರವಾದ ಸ್ವಗೃಹವೇ ಇರಲಿಲ್ಲ. 1878ರಲ್ಲಿ ಎಲ್ಮೈರಾ ಪಟ್ಟಣದಲ್ಲಿ, ತಮ್ಮನ ಆಶ್ರಯದಲ್ಲಿದ್ದಾಗ, ಮರಣಹೊಂದಿದರು.

ಪ್ರಿಯ ಸೋದರಿಯರೇ, ನಿತ್ಯವೂ ಬೇಕಾಗುವ ಪಾತ್ರೆಯು ಕೈಗೆಟಕುವಲ್ಲಿರಲಿ. ಉಳಿದ ಹೆಜ್ಜೆಗಳಿಂದ ನಿಮಗೆ ವಿಶ್ರಾಂತಿಯೂ, ಮಕ್ಕಳೊಡನೆ ಕುಳಿತು ಓದಲು ಸಮಯವೂ ದೊರೆಯುವುವು.