ವೈದ್ಯಗುರು ವಿಲಿಯಂ ಆಸ್ಲರ್

ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಬಳಿಗೇ ಕರೆದೊಯ್ದು ಪಾಠ ಹೇಳಿದ ಮಹನೀಯರು ಸರ್ ವಿಲಿಯಂ ಆಸ್ಲರ್. ಇವರು 1849ರ ಜುಲೈ 12ರಂದು ಕೆನಡಾದ ಬಾಂಡ್‌ಹೆಡ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. 1872ರಲ್ಲಿ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು, ಮುಂದೆ ಅಲ್ಲಿಯೇ ಅಧ್ಯಾಪಕರಾದರು.

ನೂರಾರು ಶವಪರೀಕ್ಷೆಗಳನ್ನು ನಡೆಸಿದ ಆಸ್ಲರರ ಗಮನ ಸೆಳೆದುದು ಹೃದಯದ ಕವಾಟಗಳಿಗೆ ತಗಲುವ ಸೋಂಕು. 1885ರಲ್ಲಿ ಲಂಡನ್ನಿನಲ್ಲಿ ಈ ವಿಷಯವಾಗಿ ಅವರು ಮಾಡಿದ ಉಪನ್ಯಾಸಗಳು, ಬಿಡದ ಜ್ವರದ ಮೂಲ ಹೃದಯದಲ್ಲಿಯೂ ಇರಬಹುದೆಂದು ವೈದ್ಯರ ಕಣ್ಣು ತೆರೆಸಿದವು. 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯನ್ನೂ 1905ರಲ್ಲಿ ಆಕ್ಸ್‌ಫರ್ಡನ್ನೂ ಸೇರಿದರು. 1917ರಲ್ಲಿ ಮಗ ಯುದ್ಧದಲ್ಲಿ ಮಡಿದ. ಆ ದುಃಖದಲ್ಲಿಯೇ 1919ರ ಡಿಸೆಂಬರ್ 29ರಂದು ಆಸ್ಲರ್ ತೀರಿಕೊಂಡರು. ಅವರು ರೋಗವನ್ನು ಗುರುತಿಸಿದರು. ಗುಣಪಡಿಸುವ ಮದ್ದು ಪೆನಿಸಿಲಿನ್ ಬಂದುದು 1940ರ ದಶಕದಲ್ಲಿ.

ಈ ಸೋಂಕು ಇಂದು ಹೊಸ ದಾರಿಯಲ್ಲಿಯೂ ಬರುತ್ತದೆ. ಯಕೃತ್ತು ಗಟ್ಟಿಯಾಗಿ ಜಲೋದರವಾದ ಅಥವಾ ರಕ್ತ ಕಾರುವ ಕೆಲವರಿಗೆ, ರಕ್ತ ಸರಾಗವಾಗಿ ಹರಿಯಲೆಂದು ಯಕೃತ್ತಿನೊಳಗೆ ಲೋಹದ ಕೊಳವೆ ಇಡುತ್ತಾರೆ. ಅಪರೂಪವಾಗಿ ಆ ಕೊಳವೆಗೆ ರೋಗಾಣು ತಗಲಿ, ರಕ್ತದೊಡನೆ ಹೃದಯದ ಕವಾಟವನ್ನು ಸೇರಬಹುದು.

ನಮ್ಮ ಕಾಸರಗೋಡಿನವರಿರಲಿ, ಕೊಯಮತ್ತೂರಿನ ಬಳಿಯ ಕಾರಮಡೈಯ ಕನ್ನಡ ಮನೆಯವರಿರಲಿ, ಇಂಥ ಕೊಳವೆ ಹಾಕಿಸಿಕೊಂಡವರು ಜ್ವರ ಬಂದಾಗ ಮದ್ದಿನಂಗಡಿಯ ಮಾತ್ರೆ ನುಂಗಿ ಸುಮ್ಮನಿರಬಾರದು. ವೈದ್ಯರ ಭಾಷೆ ಮಲೆಯಾಳವಾಗಲಿ ತಮಿಳಾಗಲಿ, ಆಸ್ಪತ್ರೆಯ ಕಾಗದ ತೋರಿಸಿ ಕೊಳವೆಯ ಸಂಗತಿ ತಿಳಿಸಬೇಕು. ರೋಗಾಣುನಾಶಕ ಔಷಧಿ ಕೊಡುವ ಮುನ್ನ ರಕ್ತ ತೆಗೆದು ಪರೀಕ್ಷೆಗೆ ಕಳುಹಿಸಿದರೆ ರೋಗಾಣು ಯಾವುದೆಂದು ತಿಳಿಯುವುದು ಸುಲಭ. ಆಸ್ಲರರ ಕೈಯಲ್ಲಿಲ್ಲದ ಮದ್ದು ಇಂದು ಇದೆ. ತಡಮಾಡದಿರುವುದು ನಮ್ಮ ಹೊಣೆ.