ಪಾಲ್ ಎರ್ಲಿಕ್

ಪಾಷಾಣವೆಂದೊಡನೆ ಜನರ ಮನಸ್ಸಿನಲ್ಲಿ ಮೂಡುವುದು ಮರಣಭೀತಿ. ಅಂತಹ ವಿಷದಿಂದಲೇ ಜೀವ ಉಳಿಸುವ ಮದ್ದನ್ನು ರೂಪಿಸಲು ಬಾಳನ್ನು ಸವೆಸಿದ ಮಹನೀಯರು ಪಾಲ್ ಎರ್ಲಿಕ್.

ಎರ್ಲಿಕ್ ಅವರು 1854ರ ಮಾರ್ಚ್ 14ರಂದು ಅಂದಿನ ಪ್ರಶ್ಯ ರಾಜ್ಯದ ಸ್ಟ್ರೇಲೆನ್ ಎಂಬ ಊರಿನಲ್ಲಿ ಜನಿಸಿದರು. ವೈದ್ಯವಿದ್ಯಾರ್ಥಿಯಾಗಿದ್ದಾಗಲೇ ಬಟ್ಟೆಗೆ ಹಾಕುವ ಕೃತಕ ಬಣ್ಣಗಳು ಅವರನ್ನು ಸೆಳೆದವು. ಆ ಬಣ್ಣಗಳನ್ನು ಜೀವಕೋಶಗಳ ಮೇಲೆ ಪ್ರಯೋಗಿಸಿದಾಗ, ಒಂದೊಂದು ಬಣ್ಣವೂ ತನಗೆ ಒಗ್ಗುವ ಭಾಗವನ್ನಷ್ಟೇ ಹಿಡಿಯುವುದನ್ನು ಕಂಡರು. ಈ ವಿಧಾನದಿಂದ ಬಿಳಿಯ ರಕ್ತಕಣಗಳ ಬಗೆಗಳನ್ನು ವಿಂಗಡಿಸಿ ತೋರಿಸಿದರು. ಲ್ಯುಕೇಮಿಯ, ಎಂದರೆ ರಕ್ತದ ಕ್ಯಾನ್ಸರಿನ ಪ್ರಭೇದಗಳನ್ನು ಗುರುತಿಸಲು ಇದು ದಾರಿ ತೆರೆಯಿತು.

ಬಣ್ಣವು ಒಂದು ಬಗೆಯ ಕೋಶವನ್ನಷ್ಟೇ ಹಿಡಿಯುವುದಾದರೆ, ಔಷಧವೂ ರೋಗಾಣುವನ್ನಷ್ಟೇ ಹುಡುಕಿ ಕೊಲ್ಲಬಾರದೇಕೆ? ಈ ಪ್ರಶ್ನೆಯೇ ಎರ್ಲಿಕ್ ಅವರ ಜೀವನದ ಗುರಿಯಾಯಿತು. ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ಮೆಚ್ನಿಕಾಫ್ ಅವರೊಡನೆ ನೊಬೆಲ್ ಪಾರಿತೋಷಕ ಪಡೆದ ಬಳಿಕವೂ ಅವರು ವಿಶ್ರಮಿಸಲಿಲ್ಲ.

ಆಗ ನಿದ್ರಾರೋಗಕ್ಕೆ ಅಟಾಕ್ಸಿಲ್ ಎಂಬ ಪಾಷಾಣಯುಕ್ತ ಔಷಧವನ್ನು ಕೊಡುತ್ತಿದ್ದರು. ಅದು ಹಲವರ ದೃಷ್ಟಿಯನ್ನೇ ಕಳೆಯಿತು. ಫ್ರಾಂಕ್‌ಫರ್ಟಿನ ಪ್ರಯೋಗಾಲಯದಲ್ಲಿ ಎರ್ಲಿಕ್ ಮತ್ತು ಅವರ ಸಹೋದ್ಯೋಗಿ ಬರ್ತ್‌ಹೈಮ್ ಅದರ ರಚನೆಯನ್ನು ಮತ್ತೆ ಮತ್ತೆ ಬದಲಿಸಿ ನೂರಾರು ಸಂಯುಕ್ತಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ 606ನೆಯದನ್ನು ನಿಷ್ಫಲವೆಂದು ಬದಿಗಿರಿಸಲಾಗಿತ್ತು. 1909ರಲ್ಲಿ ಜಪಾನಿನಿಂದ ಬಂದ ಸಹಚಿರೊ ಹಾತಾ ಅದನ್ನು ಸಿಫಿಲಿಸ್ ಎಂಬ ಭೀಕರ ರೋಗ ತಗುಲಿದ ಮೊಲಗಳ ಮೇಲೆ ತಾಳ್ಮೆಯಿಂದ ಪುನಃ ಪರೀಕ್ಷಿಸಿದರು. ಮೊಲಗಳು ಗುಣಹೊಂದಿದವು!

ಎರ್ಲಿಕ್ ಅವಸರಪಡಲಿಲ್ಲ. ಮಾರಾಟಕ್ಕೆ ಮೊದಲೇ ಸಾವಿರಾರು ಬಾರಿಗಾಗುವಷ್ಟು ಔಷಧವನ್ನು ವೈದ್ಯರಿಗೆ ಉಚಿತವಾಗಿ ಹಂಚಿ, ಪರಿಣಾಮಗಳನ್ನು ತಿಳಿದುಕೊಂಡರು. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಸಂಖ್ಯಾತರು ಚೇತರಿಸಿಕೊಂಡರು; ಆದರೆ ಕೆಲವರಿಗೆ ಅಪಾಯವೂ ಒದಗಿತು. ನಿಂದೆಗಳು ಎದ್ದವು. ಎರ್ಲಿಕ್ ನೊಂದರೂ ಎದೆಗುಂದದೆ ದುಡಿದು, 1912ರಲ್ಲಿ ಬಳಸಲು ಹೆಚ್ಚು ಸುಲಭವಾದ ನಿಯೋಸಾಲ್ವರ್ಸಾನನ್ನು ನೀಡಿದರು. 1915ರ ಆಗಸ್ಟ್ 20ರಂದು ಅವರು ಕಾಲವಾದರು.

ಮುಂದೆ ಪೆನಿಸಿಲಿನ್ ಬಂದು ಸಾಲ್ವರ್ಸಾನ್ ಮರೆಯಾಯಿತು. ಆದರೆ 1970ರ ದಶಕದಲ್ಲಿ ಚೀನದ ಹಾರ್ಬಿನ್ ನಗರದ ವೈದ್ಯರು ಬಿಳಿಯ ಪಾಷಾಣದ ದ್ರಾವಣವನ್ನು ಲ್ಯುಕೇಮಿಯಕ್ಕೆ ಪ್ರಯೋಗಿಸಿದರು. ಅದು ಆ ರೋಗದ ಒಂದು ಪ್ರಭೇದಕ್ಕೆ ವಿಶೇಷವಾಗಿ ಫಲಕಾರಿಯೆಂದು ಕಂಡುಬಂದು, 2000ದಲ್ಲಿ ಅಮೆರಿಕದಲ್ಲಿಯೂ ಮಾನ್ಯತೆ ಪಡೆಯಿತು. ವಿಟಮಿನ್ ಎ ಸಂಬಂಧಿ ಔಷಧದೊಡನೆ ಕೊಟ್ಟಾಗ ಅಂತಹ ರೋಗಿಗಳಲ್ಲಿ ಬಹುಪಾಲು ಮಂದಿ ಗುಣಮುಖರಾಗುತ್ತಾರೆ. ಈ ಮದ್ದು ಎರ್ಲಿಕ್ ಅವರದಲ್ಲ. ಆದರೆ ರೋಗದ ಮೂಲವನ್ನರಿತು ಅದಕ್ಕೇ ಗುರಿಯಿಡಬೇಕೆಂಬ ಅವರ ಕನಸು ಅದರಲ್ಲಿ ಫಲಿಸಿದೆ.