ಮದ್ರಾಸಿನ ಹದಿನೈದು ಸೆಕೆಂಡು

ಹಾಸನದಲ್ಲಿ ಬೆಳೆದ ನನಗೆ ಮಳೆ ಅಂದರೆ ಜೂನ್ ತಿಂಗಳಲ್ಲಿ ಸಕಲೇಶಪುರದ ಕಡೆಯಿಂದ ಬರುವಂಥದ್ದು. ಕೆಲಸಕ್ಕೆಂದು ಎಣ್ಣೂರಿಗೆ ಬಂದ ಮೇಲೆ ತಿಂಗಳೂ ದಿಕ್ಕೂ ಎರಡೂ ಬದಲಾದವು. ಇಲ್ಲಿ ಮಳೆ ಅಕ್ಟೋಬರ್‌ನಲ್ಲಿ ಕಡಲ ಕಡೆಯಿಂದ ಬರುತ್ತದೆ. ನಮ್ಮ ಮನೆಯ ತಾರಸಿಯಲ್ಲಿ ನಿಂತರೆ ಬಂದರಿನ ಕ್ರೇನುಗಳ ದೀಪ, ಅಳಿವೆಯ ಕಪ್ಪು ನೀರು, ಅದರಾಚೆ ಸಮುದ್ರದ ಮೇಲೆ ಮಿಂಚು, ಎಲ್ಲ ಕಾಣುತ್ತದೆ.

ಕಳೆದ ಹಿಂಗಾರಿನಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ನಾನು ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲಿ ನನ್ನ ವಾಚುಗಳಿಗೆ ಕೀ ಕೊಡುತ್ತಾ ಕುಳಿತಿದ್ದೆ. ಒಟ್ಟು ಆರು, ಎಲ್ಲವೂ ಮೆಕ್ಯಾನಿಕಲ್ ಕ್ರೋನೋಗ್ರಾಫ್. ಹೆಂಡತಿ ಸುಮ್ಮನೆ ನೋಡುತ್ತಿದ್ದವಳು, ಇಷ್ಟು ವರ್ಷದಲ್ಲಿ ಇವುಗಳಿಂದ ಏನನ್ನು ಅಳೆದಿದ್ದೀರಿ ಎಂದು ಕೇಳಿದಳು. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿಯುವ ಕುತೂಹಲ. ಉತ್ತರ ಹುಡುಕಿದೆ. ಸಿಗಲಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನೂ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿಯೇ ಹೇಳುತ್ತದೆ.

ಕ್ರೋನೋಗ್ರಾಫ್ ಅಂದರೆ ಕೈಗಡಿಯಾರದೊಳಗೇ ಇರುವ ಸ್ಟಾಪ್‌ವಾಚ್. ಪಕ್ಕದ ಮೇಲಿನ ಗುಂಡಿ ಒತ್ತಿದರೆ ಉದ್ದನೆಯ ಸೆಕೆಂಡಿನ ಮುಳ್ಳು ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಜಿಗಿಯುತ್ತದೆ. ಬ್ಯಾಟರಿ ಇಲ್ಲ, ಬರೀ ಸ್ಪ್ರಿಂಗು, ಹಲ್ಲುಚಕ್ರ ಮತ್ತು ಸಣ್ಣ ಸಣ್ಣ ಸನ್ನೆಕೋಲುಗಳ ಆಟ. ಅಪ್ಪನ ಎಚ್‌ಎಂಟಿ ಜನತಾಕ್ಕೆ ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದ ಹುಡುಗನಿಗೆ ಇದು ಹುಚ್ಚು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಮೊದಲ ಕ್ರೋನೋಗ್ರಾಫ್ ಚೀನಾದ ಟಿಯಾಂಜಿನ್‌ನದು. 1960ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ವೀನಸ್ ಕಂಪನಿಯ ಯಂತ್ರಸಾಮಗ್ರಿ ಕೊಂಡು ಅಲ್ಲಿ ತಯಾರಿಸತೊಡಗಿದ ಗಡಿಯಾರದ ವಂಶದ್ದು. ಒಂದರ ಹಿಂದೆ ಒಂದು ಸೇರಿ ಆರಾದವು. ಬೋನಸ್ ಬಂದಾಗಲೆಲ್ಲ ಒಂದು.

ಆರರಲ್ಲಿ ಒಂದರ ಡಯಲ್ ಅಂಚಿನಲ್ಲಿ ಟೆಲಿಮೀಟರ್ ಎಂಬ ಅಳತೆಪಟ್ಟಿ ಇದೆ. ದೂರದಲ್ಲಿ ಫಿರಂಗಿಯ ಹೊಳಪು ಕಂಡ ಕೂಡಲೇ ಗುಂಡಿ ಒತ್ತಬೇಕು, ಸದ್ದು ಕೇಳಿದಾಗ ನಿಲ್ಲಿಸಬೇಕು. ಮುಳ್ಳು ಎಲ್ಲಿ ನಿಂತಿದೆಯೋ ಅಷ್ಟು ಕಿಲೋಮೀಟರ್ ದೂರದಲ್ಲಿ ಶತ್ರು ಇದ್ದಾನೆ ಎಂದರ್ಥ. ಯುದ್ಧಕಾಲದ ಈ ಸೌಲಭ್ಯ ಮಿಂಚು ಗುಡುಗಿಗೂ ಒಗ್ಗುತ್ತದೆ. ಅಂದು ರಾತ್ರಿ ಮಗಳನ್ನು ಕರೆದು ತಾರಸಿಗೆ ಹೋದೆ. ಮಿಂಚಿತು, ಒತ್ತಿದೆ. ಇಪ್ಪತ್ತು ಸೆಕೆಂಡಿನ ಮೇಲೆ ಗುಡುಗಿತು. ಸುಮಾರು ಏಳು ಕಿಲೋಮೀಟರ್. ಶಬ್ದದ ವೇಗ ಇಷ್ಟೇ ಎಂದು ಈ ಪಟ್ಟಿ ಬರೆದವರಿಗೆ ಯಾರು ಹೇಳಿದರು ಎಂದು ಎಂಟನೇ ಕ್ಲಾಸಿನ ಮಗಳು ಕೇಳಿದಳು. ಒಂದೇ ರಾತ್ರಿ ಎರಡು ಪ್ರಶ್ನೆ, ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಇದೇ ಊರಿನಲ್ಲಿ ಬಾಳಿದ ಜಾನ್ ಗೋಲ್ಡಿಂಗ್‌ಹ್ಯಾಮ್. ಮದ್ರಾಸಿನ ಚರಿತ್ರೆ ಓದಿದವರಿಗೆಲ್ಲ ಪರಿಚಿತ ಹೆಸರು, ನನಗೆ ಮಾತ್ರ ಹೊಸದು.

ಗೋಲ್ಡಿಂಗ್‌ಹ್ಯಾಮ್ ಮೂಲತಃ ಡೆನ್ಮಾರ್ಕಿನವನು ಎನ್ನುವವರಿದ್ದಾರೆ. ಅದೇನೇ ಇರಲಿ, ಯೌವನದಲ್ಲೇ ಮದ್ರಾಸಿನಲ್ಲಿ ಕೆಲಸ ಹಿಡಿದವನು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿಗೆ ನಕ್ಷತ್ರದ ಹುಚ್ಚು. 1786ರಲ್ಲಿ ಎಗ್ಮೋರಿನಲ್ಲಿ ಸ್ವಂತ ಖರ್ಚಿನಿಂದ ಪುಟ್ಟ ವೀಕ್ಷಣಾಲಯ ಕಟ್ಟಿಕೊಂಡಿದ್ದ. ಅಲ್ಲಿ ಸಹಾಯಕನಾಗಿ ಸೇರಿದವನು ಗೋಲ್ಡಿಂಗ್‌ಹ್ಯಾಮ್. ಕೆಲವು ವರ್ಷಗಳಲ್ಲಿ ಕಂಪನಿಯೇ ಅದನ್ನು ವಹಿಸಿಕೊಂಡಿತು. ಕಂಪನಿಗೆ ನಕ್ಷತ್ರದ ಮೇಲೇನೂ ಪ್ರೀತಿಯಿರಲಿಲ್ಲ. ಮದ್ರಾಸಿಗೆ ಆಗ ಬಂದರಿರಲಿಲ್ಲ, ಕರಾವಳಿ ಹಡಗುಗಳಿಗೆ ಅಪಾಯದ್ದು. ನಕ್ಷೆ ಸರಿಯಿರಬೇಕಾದರೆ ಊರಿನ ರೇಖಾಂಶ ಗೊತ್ತಿರಬೇಕು, ರೇಖಾಂಶ ಗೊತ್ತಾಗಬೇಕಾದರೆ ಆಕಾಶ ನೋಡಬೇಕು.

1792ರಲ್ಲಿ ನುಂಗಂಬಾಕ್ಕಂನಲ್ಲಿ ಹೊಸ ಕಟ್ಟಡ ಎದ್ದಿತು. ಅದರ ವಿನ್ಯಾಸ ಕರಾವಳಿಯ ಸರ್ವೇಯರ್ ಮೈಕಲ್ ಟಾಪಿಂಗ್‌ನದು. ದೂರದರ್ಶಕ ಅಲುಗಾಡದಂತೆ ದೊಡ್ಡದೊಂದು ಗ್ರಾನೈಟ್ ಕಂಬ ನಿಲ್ಲಿಸಿದರು. ಸಾವಿರ ವರ್ಷದ ನಂತರದ ಜನರಿಗೂ ತಿಳಿಯಲೆಂದು ಅದರ ಮೇಲೆ ತಮಿಳು, ತೆಲುಗು ಸೇರಿ ಹಲವು ಭಾಷೆಗಳಲ್ಲಿ ಕೆತ್ತಿಸಿದರು. 1794ರಲ್ಲಿ ಎಂಟು ಹುಡುಗರಿಂದ ಶುರುವಾದ ಸರ್ವೇ ಶಾಲೆಯೂ ಟಾಪಿಂಗ್‌ನದೇ ಕೂಸು. ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನ ಬೇರು ಅದು. 1796ರಲ್ಲಿ ಟಾಪಿಂಗ್ ಜ್ವರದಿಂದ ತೀರಿಕೊಂಡ. ವೀಕ್ಷಣಾಲಯ, ಶಾಲೆ ಎರಡೂ ಗೋಲ್ಡಿಂಗ್‌ಹ್ಯಾಮ್ ಹೆಗಲಿಗೆ ಬಿದ್ದವು.

ಒಬ್ಬನೇ ಎಷ್ಟು ಕೆಲಸ ಮಾಡಿದ ಎಂದು ನೋಡಿದರೆ ಈಗಿನ ನಮ್ಮ ಮಲ್ಟಿಟಾಸ್ಕಿಂಗ್ ನಾಚಬೇಕು. ರಾತ್ರಿ ಗುರುಗ್ರಹದ ಉಪಗ್ರಹಗಳ ಗ್ರಹಣ ನೋಡಿ ಬರೆದ. ಹಗಲು ಹವಾಮಾನದ ದಿನಚರಿ ಇಟ್ಟ. ಎಲಿಫೆಂಟಾ ಗುಹೆಯ ಬಗ್ಗೆ, ಮಹಾಬಲಿಪುರಂ ಶಿಲ್ಪಗಳ ಬಗ್ಗೆ ಲೇಖನ ಬರೆದ. ಎಂಜಿನಿಯರನಾಗಿ ಕಟ್ಟಡಗಳನ್ನೂ ಕಟ್ಟಿದ. ಚೆನ್ನೈಯಲ್ಲಿರುವ ಕನ್ನಡಿಗರು ದಿನಾ ನೋಡುವ ರಾಜಾಜಿ ಹಾಲ್, ಅಂದರೆ ಹಳೆಯ ಬ್ಯಾಂಕ್ವೆಟಿಂಗ್ ಹಾಲ್, ಆತನ ವಿನ್ಯಾಸ. 1802ರಲ್ಲಿ ಮುಗಿದ ಆ ಕಟ್ಟಡ ಪ್ಲಾಸಿಯ ಜೊತೆಗೆ ಶ್ರೀರಂಗಪಟ್ಟಣದ ವಿಜಯವನ್ನೂ ಸಾರಲು ಎದ್ದದ್ದು. ಟಿಪ್ಪುವಿನ ಪತನದ ನೆನಪಿಗೆ ಕಟ್ಟಿದ ಅದೇ ಸೌಧದಲ್ಲಿ 2016ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಪಾರ್ಥಿವ ಶರೀರವನ್ನು ಜನ ಸಾಲುಗಟ್ಟಿ ನೋಡಿದರು. ಆ ಮೆಟ್ಟಿಲುಗಳನ್ನು ಟಿವಿಯಲ್ಲಿ ನೋಡಿದ್ದ ನನಗೆ ಅವುಗಳ ಹಿಂದೆ ಒಬ್ಬ ಖಗೋಳಶಾಸ್ತ್ರಜ್ಞನಿದ್ದಾನೆ ಎಂದು ಗೊತ್ತಿರಲಿಲ್ಲ.

ಗೋಲ್ಡಿಂಗ್‌ಹ್ಯಾಮ್ ಬದುಕಿನ ದೊಡ್ಡ ಅಂಕಿ 80 ಡಿಗ್ರಿ, 18 ನಿಮಿಷ, 30 ಸೆಕೆಂಡು. ಮದ್ರಾಸ್ ವೀಕ್ಷಣಾಲಯದ ರೇಖಾಂಶವೆಂದು ಆತ ಲೆಕ್ಕ ಹಾಕಿದ್ದು ಇದು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ಮದ್ರಾಸು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದೆ ಎಂದಾಯಿತು. 1802ರಲ್ಲಿ ಹೀಗೆ ಹುಟ್ಟಿದ್ದೇ ಮದ್ರಾಸ್ ಸಮಯ. ಅದೇ ವರ್ಷ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಹಾಸಿ ಭಾರತದ ಮಹಾ ತ್ರಿಕೋನಮಿತಿ ಸರ್ವೇಗೆ ಅಡಿಗೆರೆ ಎಳೆದ. ಅದಕ್ಕೂ ಮೊದಲೇ, 1800ರಲ್ಲಿ, ಆತ ಬೆಂಗಳೂರಿನಲ್ಲಿ ಒಂದು ಗೆರೆ ಅಳೆದಿದ್ದ. ಮದ್ರಾಸಿನಿಂದ ಬೆಂಗಳೂರು, ಅಲ್ಲಿಂದ ಮಂಗಳೂರಿನ ತನಕ ತ್ರಿಕೋನಗಳು ಸಾಗಿದವು. ಹಳೆಯ ನಕ್ಷೆಗಳಲ್ಲಿ ಇದ್ದದ್ದಕ್ಕಿಂತ ದಕ್ಷಿಣ ಭಾರತ ಸುಮಾರು 40 ಮೈಲಿ ಕಿರಿದು ಎಂದು ಗೊತ್ತಾಯಿತು. ಆ ಸರಣಿಯಲ್ಲಿ ನಮ್ಮ ಊರುಗಳ ರೇಖಾಂಶವನ್ನು ಎಣಿಸಿದ್ದು ನುಂಗಂಬಾಕ್ಕಂನಿಂದ.

ಆದರೆ ಆ ಅಂಕಿ ತಪ್ಪಾಗಿತ್ತು. ಇಂದು ನಾವು ಬಲ್ಲ ಪ್ರಕಾರ ಆ ಜಾಗದ ರೇಖಾಂಶ 80 ಡಿಗ್ರಿ 15 ನಿಮಿಷಕ್ಕೂ ತುಸು ಕಡಿಮೆ. ಸಮಯದಲ್ಲಿ ಹೇಳುವುದಾದರೆ ವ್ಯತ್ಯಾಸ ಹದಿನೈದು ಸೆಕೆಂಡು. ಇಷ್ಟೇ ತಾನೆ ಅನ್ನಬೇಡಿ. ನೆಲದ ಮೇಲೆ ಅದು ಆರೂವರೆ ಕಿಲೋಮೀಟರ್. ಮರೀನಾ ಕಡಲತೀರ ನುಂಗಂಬಾಕ್ಕಂನಿಂದ ಅಷ್ಟು ದೂರವೇ ಇಲ್ಲ. ಅಂದರೆ ಗೋಲ್ಡಿಂಗ್‌ಹ್ಯಾಮ್ ಲೆಕ್ಕದ ಪ್ರಕಾರ ಆತ ಕುಳಿತಿದ್ದ ವೀಕ್ಷಣಾಲಯ ಬಂಗಾಳಕೊಲ್ಲಿಯ ನೀರಿನಲ್ಲಿತ್ತು!

ಆತ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ಜಾಗ ನೋಡಿಕೊಂಡ ಜಾನ್ ವಾರನ್ ಆ ಅಂಕಿಯನ್ನು ಸ್ವಲ್ಪ ತಗ್ಗಿಸಿದ. ಕೋಲಾರದ ಕಡೆ ಸರ್ವೇ ಮಾಡುವಾಗ ಹಳ್ಳಿಗರು ಮಣ್ಣಿನಿಂದ ಚಿನ್ನ ತೆಗೆಯುವುದನ್ನು 1802ರಲ್ಲಿ ವರದಿ ಮಾಡಿದವನು ಇದೇ ವಾರನ್. ಅವನ ತಿದ್ದುಪಡಿಯೂ ಸಾಲಲಿಲ್ಲ. ಟೆಲಿಗ್ರಾಫ್ ಬಂದು, ತಂತಿಯ ಮೂಲಕ ಎರಡು ಊರಿನ ಗಡಿಯಾರಗಳನ್ನು ತಾಳೆ ನೋಡುವ ಕಾಲ ಬಂದ ಮೇಲಷ್ಟೇ ಮದ್ರಾಸು ತನ್ನ ಜಾಗಕ್ಕೆ ಬಂದು ನಿಂತಿತು.

ರಜೆ ಮುಗಿಸಿ ಗೋಲ್ಡಿಂಗ್‌ಹ್ಯಾಮ್ ಮರಳಿ ಬಂದ. ತಾನು ಕೊಟ್ಟ ಅಂಕಿಯನ್ನು ಬೇರೊಬ್ಬ ತಿದ್ದಿದ್ದಾನೆ. ಇಂಥ ಹೊತ್ತಿನಲ್ಲಿ ಮುನಿಸಿಕೊಂಡು ಕೂರುವವರನ್ನು ಆಫೀಸಿನಲ್ಲಿ ನಾವು ನೋಡಿದ್ದೇವೆ, ನಾವೂ ಕೂತಿದ್ದೇವೆ. ಆತ ಮತ್ತೆ ಅಳೆಯಲು ಶುರುಮಾಡಿದ. ಈ ಬಾರಿ ಶಬ್ದವನ್ನು.

ಸೇಂಟ್ ಜಾರ್ಜ್ ಕೋಟೆಯಲ್ಲೂ ಸೇಂಟ್ ಥಾಮಸ್ ಮೌಂಟ್‌ನ ದಂಡಿನಲ್ಲೂ ಬೆಳಿಗ್ಗೆ ಸಂಜೆ ಫಿರಂಗಿ ಹಾರಿಸುವ ವಾಡಿಕೆಯಿತ್ತು. ವೀಕ್ಷಣಾಲಯದಿಂದ ಕೋಟೆಗೆ ಸುಮಾರು 4.2 ಕಿಲೋಮೀಟರ್, ಮೌಂಟ್‌ಗೆ ಸುಮಾರು 9. ಸರ್ವೇಯವರ ಲೆಕ್ಕದಿಂದ ಎರಡೂ ದೂರ ನಿಖರವಾಗಿ ಗೊತ್ತಿದ್ದವು. 1820 ಮತ್ತು 21ರಲ್ಲಿ ಆತನೂ ವೀಕ್ಷಣಾಲಯದ ಸಹಾಯಕರೂ ನೂರಾರು ಬಾರಿ ಕತ್ತಲಲ್ಲಿ ಹೊಳಪಿಗಾಗಿ ಕಾದರು. ಕಣ್ಣು ದೂರದ ಕಿಡಿಯ ಮೇಲೆ, ಕಿವಿ ಗಡಿಯಾರದ ಟಿಕ್ ಟಿಕ್ ಮೇಲೆ. ಕೋಟೆಯ ಸದ್ದು ಬರಲು ಹನ್ನೆರಡು ಸೆಕೆಂಡಿನ ಆಸುಪಾಸು, ಮೌಂಟ್‌ನದು ಇಪ್ಪತ್ತಾರರ ಆಸುಪಾಸು. ಒತ್ತುವ ಗುಂಡಿಯಿಲ್ಲ, ನಿಲ್ಲುವ ಮುಳ್ಳಿಲ್ಲ. ಟಿಕ್ ಎಣಿಸಬೇಕು, ಬರೆಯಬೇಕು. ಜೊತೆಗೆ ಪ್ರತಿ ಸಲವೂ ಉಷ್ಣತೆ, ಗಾಳಿಯ ಒತ್ತಡ, ತೇವ, ಗಾಳಿಯ ದಿಕ್ಕು ದಾಖಲಿಸಬೇಕು.

ನನ್ನಂಥ ವಾಚುಪ್ರಿಯರಿಗೆ ಇಲ್ಲೊಂದು ಸ್ವಾರಸ್ಯ. ಅದೇ 1821ರ ಸೆಪ್ಟೆಂಬರ್ 1ರಂದು ಪ್ಯಾರಿಸ್ಸಿನ ಕುದುರೆ ಪಂದ್ಯದಲ್ಲಿ ನಿಕೊಲಾ ರಿಯುಸೆಕ್ ತನ್ನ ಹೊಸ ಯಂತ್ರವನ್ನು ಪರೀಕ್ಷೆಗಿಟ್ಟ. ತಿರುಗುವ ಡಯಲ್ ಮೇಲೆ ಶಾಯಿಯ ಚುಕ್ಕಿ ಬೀಳಿಸುವ ಯಂತ್ರ ಅದು. ಕಾಲವನ್ನು ಬರೆಯುವುದರಿಂದ ಕ್ರೋನೋಗ್ರಾಫ್ ಎಂಬ ಹೆಸರು ಬಂತು. ಅದಕ್ಕೂ ಮೊದಲೇ 1816ರಲ್ಲಿ ಲೂಯಿ ಮೊಯ್ನೆ ಸೆಕೆಂಡಿನ ಅರವತ್ತನೇ ಒಂದು ಭಾಗ ಅಳೆಯುವ ಯಂತ್ರ ಮಾಡಿದ್ದ. ಅತ್ತ ಪ್ಯಾರಿಸ್ಸಿನಲ್ಲಿ ಕ್ರೋನೋಗ್ರಾಫ್ ಹುಟ್ಟುತ್ತಿದ್ದಾಗ ಇತ್ತ ನುಂಗಂಬಾಕ್ಕಂನಲ್ಲಿ ಅದಿಲ್ಲದೆಯೇ ಅದರ ಕೆಲಸ ನಡೆಯುತ್ತಿತ್ತು.

ಫಲಿತಾಂಶ 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಬ್ದದ ವೇಗ ವರ್ಷವಿಡೀ ಒಂದೇ ಅಲ್ಲ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಸೆಕೆಯ ತಿಂಗಳಲ್ಲಿ ಸದ್ದು ಬೇಗ ಬರುತ್ತದೆ ಎಂದು ಮದ್ರಾಸಿನ ಅಂಕಿಗಳು ತೋರಿಸಿದವು. ಚಳಿದೇಶದವರ ಪ್ರಯೋಗಗಳ ನಡುವೆ ಉಷ್ಣವಲಯದ ಇಷ್ಟು ದೀರ್ಘ ಸಾಕ್ಷ್ಯ ಅಪರೂಪವಾಗಿತ್ತು. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಟೆಲಿಮೀಟರ್ ಪಟ್ಟಿಯ ಹಿಂದೆ ಇಂಥ ಹಲವರ ನಿದ್ದೆಗೆಟ್ಟ ರಾತ್ರಿಗಳಿವೆ, ಅವುಗಳಲ್ಲಿ ನಮ್ಮ ಚೆನ್ನೈಯವೂ ಸೇರಿವೆ.

ಆ ನಂತರ ಲೋಲಕದ ಪ್ರಯೋಗಗಳಲ್ಲೂ ಆತ ತೊಡಗಿದ. ಭೂಮಿಯ ಆಕಾರ ತಿಳಿಯಲು ಸುಮಾತ್ರಾ ಬಳಿಯ, ಭೂಮಧ್ಯರೇಖೆಗೆ ಹತ್ತಿರದ ದ್ವೀಪವೊಂದಕ್ಕೆ ಜನರನ್ನೂ ಲೋಲಕವನ್ನೂ ಕಳಿಸಿಕೊಟ್ಟ. 1830ರಲ್ಲಿ ನಿವೃತ್ತನಾಗಿ ಮದ್ರಾಸು ಬಿಟ್ಟ. 1849ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ.

ಆತ ಹೋದರೂ ಆತ ಕೊಟ್ಟ ಸಮಯ ಉಳಿಯಿತು. ರೈಲು ಬಂದಾಗ ಬಾಂಬೆಗೊಂದು, ಕಲ್ಕತ್ತಾಕ್ಕೊಂದು ಗಂಟೆಯ ಗೊಂದಲದಲ್ಲಿ ದೇಶದ ರೈಲುಗಳು ಓಡಿದ್ದು ಮದ್ರಾಸ್ ಸಮಯಕ್ಕೆ. 1906ರ ಜನವರಿ 1ರಂದು ಭಾರತೀಯ ಕಾಲಮಾನ ಬಂತು, ಮದ್ರಾಸಿನ ಗಡಿಯಾರ ಎಂಟು ನಿಮಿಷ ಚಿಲ್ಲರೆ ಮುಂದಕ್ಕೆ ಸರಿಯಿತು. ವೀಕ್ಷಣಾಲಯದ ಕೆಲಸ 1899ರಲ್ಲೇ ಕೊಡೈಕನಾಲ್ ಸೇರಿತ್ತು. ಈಗ ಕೊಡೈಕನಾಲ್ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ನಾನು ಬೆಂಗಳೂರು ದಾಟಿ ಇಲ್ಲಿಗೆ ಬಂದೆ, ಗೋಲ್ಡಿಂಗ್‌ಹ್ಯಾಮ್ ಪರಂಪರೆ ಇಲ್ಲಿಂದ ಬೆಂಗಳೂರಿಗೆ ಹೋಯಿತು.

ಒಂದು ಬೆಳಿಗ್ಗೆ ನುಂಗಂಬಾಕ್ಕಂಗೆ ಹೋಗಿ ಹವಾಮಾನ ಕೇಂದ್ರದ ಆವರಣದಲ್ಲಿರುವ ಆ ಗ್ರಾನೈಟ್ ಕಂಬ ನೋಡಿಬಂದೆ. ಕಟ್ಟಡ ಹೋಗಿದೆ, ದೂರದರ್ಶಕ ಹೋಗಿದೆ, ಕಂಬ ನಿಂತಿದೆ. ಅದರ ಮುಂದೆ ನಿಂತಾಗ ಹೆಂಡತಿಯ ಪ್ರಶ್ನೆ ಮತ್ತೆ ನೆನಪಾಯಿತು. ನನ್ನ ಆರು ವಾಚುಗಳು ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಓಡುತ್ತವೆ ಎಂದು ಗೆಳೆಯರ ಮುಂದೆ ಜಂಬದಿಂದ ಹೇಳಿಕೊಂಡಿದ್ದೇನೆ. ಅವುಗಳಿಂದ ಇದುವರೆಗೆ ಒಂದು ತಪ್ಪೂ ಆಗಿಲ್ಲ, ಏಕೆಂದರೆ ಅವುಗಳಿಂದ ನಾನು ಏನನ್ನೂ ಅಳೆದಿಲ್ಲ. ಗೋಲ್ಡಿಂಗ್‌ಹ್ಯಾಮ್ ತಪ್ಪು ಮಾಡಿದ್ದು ಅಳೆದದ್ದರಿಂದ. ಅದನ್ನು ತಿದ್ದಲು ಮುಂದಿನವರಿಗೆ ಸಾಧ್ಯವಾದದ್ದೂ ಆತ ಬರೆದಿಟ್ಟದ್ದರಿಂದಲೇ.

ಆರರಲ್ಲಿ ನಾಲ್ಕನ್ನು ಮಾರಿದೆ. ಬಂದ ಹಣ ಮಗಳ ಓದಿನ ಖಾತೆಗೆ ಹೋಯಿತು. ಉಳಿಸಿಕೊಂಡದ್ದು ಮೊದಲು ಕೊಂಡದ್ದನ್ನು ಮತ್ತು ಟೆಲಿಮೀಟರ್ ಇರುವುದನ್ನು. ಎರಡನೆಯದು ಈಗ ಹೆಚ್ಚು ಹೊತ್ತು ಮಗಳ ಕೈಯಲ್ಲೇ ಇರುತ್ತದೆ. ಅವಳದೊಂದು ನೋಟ್‌ಬುಕ್ ಇದೆ: ತಾರೀಕು, ಮಿಂಚಿದ ಹೊತ್ತು, ಎಷ್ಟು ಸೆಕೆಂಡು, ಸೆಕೆ ಎಷ್ಟು, ಗಾಳಿ ಎತ್ತ ಕಡೆಯಿಂದ. ನಡುವೆ ಎರಡು ಸಾಲು ಹೊಡೆದುಹಾಕಿ ಗುಂಡಿ ತಡವಾಗಿ ಒತ್ತಿದೆ ಎಂದು ಬರೆದಿದ್ದಾಳೆ. ಆ ಎರಡು ಸಾಲು ನನಗೆ ಇಷ್ಟ.

ಮೊನ್ನೆ ಬೆಳಿಗ್ಗೆ ಹಾಸನಕ್ಕೆ ಫೋನ್ ಮಾಡಿದ್ದೆವು. ಅಮ್ಮ ಇನ್ನೂ ಕತ್ತಲೆ, ಬಾಗಿಲಿಗೆ ನೀರು ಹಾಕಿಲ್ಲ ಅಂದರು. ಇಲ್ಲಿ ಆಗಲೇ ಕಡಲ ಮೇಲೆ ಬೆಳಕಾಗಿತ್ತು. ಅಜ್ಜಿ ಮನೆಗೆ ಸೂರ್ಯ ಬರಲು ಇನ್ನೂ ಹದಿನೇಳು ನಿಮಿಷ ಬೇಕು ಎಂದು ಮಗಳು ಲೆಕ್ಕ ಹಾಕಿ ಹೇಳಿದಳು. ಎರಡೂ ಊರಿನ ರೇಖಾಂಶ ಕಳೆದು, ನಾಲ್ಕರಿಂದ ಗುಣಿಸಿ. ಸರಿಯಿದೆಯೇ ಎಂದು ನೋಡಲು ಅವಳು ಗುಂಡಿ ಒತ್ತಿದಳು. ಅಮ್ಮ ಫೋನ್ ಹಿಡಿದುಕೊಂಡೇ ಹಾಸನದ ಅಂಗಳಕ್ಕೆ ಬಂದು ನಿಂತರು.